ಕಾರ್ಡು ತೆಗೆಯೋದು ಫೋನು, ಅರ್ಥ ಹೇಳೋರು ಯಾರು?

ಸಂಬಂಧ ಒಪ್ಪಲೋ ಬೇಡವೋ, ಕೆಲಸ ಬಿಡಲೋ ಬೇಡವೋ, ಸಾಲ ಮಾಡಲೋ ಬೇಡವೋ... ದಿನನಿತ್ಯದ ಇಂಥ ಪ್ರಶ್ನೆಗಳನ್ನು ಈಗ ಕೃತಕ ಬುದ್ಧಿಮತ್ತೆಯ ಟ್ಯಾರೋ ಕಾರ್ಡಿನ ಮುಂದೆ ಇಡೋದು ರೂಢಿಯಾಗುತ್ತಿದೆ. ಅದು ಹೇಗೆ ಉತ್ತರ ಕೊಡುತ್ತೆ, ಎಲ್ಲಿವರೆಗೆ ಕೇಳಬಹುದು, ಎಲ್ಲಿ ನಿಲ್ಲಿಸಬೇಕು?

ಬುಟ್ಟಿ ಕಂಕುಳಲ್ಲಿಟ್ಟುಕೊಂಡು "ಕಣಿ ಹೇಳ್ತೀನಿ ಕೈ ತೋರ್ಸವ್ವಾ" ಅಂತ ಓಣಿಗೆ ಬರುತ್ತಿದ್ದ ಕೊರವಂಜಿಯರು ಹೊಸಪೇಟೆ, ಕಂಪ್ಲಿ ಕಡೆ ಈಗ ಅಪರೂಪ. ಬೆಳಗಿನ ಜಾವ ಬುಡುಬುಡಿಕೆ ಅಲ್ಲಾಡಿಸುತ್ತಾ "ಹಾಲಕ್ಕಿ ನುಡೀತೈತಿ" ಅನ್ನುತ್ತಿದ್ದವರೂ ಅಷ್ಟೇ. ಜಾತ್ರೆಯಲ್ಲಿ ಮರದ ನೆರಳಿಗೆ ಕೂತು ಗಿಳಿ ಶಾಸ್ತ್ರ ಹೇಳುತ್ತಿದ್ದವರನ್ನು ಹುಡುಕಬೇಕು. ಕೇಳೋರು ಮಾತ್ರ ಕಡಿಮೆಯಾಗಿಲ್ಲ. ಮಗಳಿಗೆ ಗಂಡು ಕೂಡಿ ಬರ್ತಿಲ್ಲ, ಮಗನಿಗೆ ಕೆಲಸ ಕಾಯಂ ಆಗ್ತಿಲ್ಲ, ಗಂಡ ಮನಸ್ಸು ಬಿಚ್ಚಿ ಮಾತಾಡ್ತಿಲ್ಲ. ಪ್ರಶ್ನೆಗಳು ಹಳೆಯವೇ, ಕೇಳುವ ಜಾಗ ಬದಲಾಗಿದೆ.

ಈಗ ಜಾಗ ಅಂದರೆ ಫೋನು. ಟ್ಯಾರೋ ಅಂತ ಹುಡುಕಿದರೆ ಸಾಲು ಸಾಲು ಆ್ಯಪ್‌ಗಳು ಬರುತ್ತವೆ. ಪ್ರಶ್ನೆ ಟೈಪ್ ಮಾಡಿದರೆ ಪರದೆಯ ಮೇಲೆ ಮೂರು ಕಾರ್ಡು ಮಗುಚಿಕೊಳ್ಳುತ್ತವೆ, ಕೆಳಗೆ ನಾಲ್ಕು ಪ್ಯಾರಾ ವಿವರಣೆ. ಬೇರೆ ಆ್ಯಪ್ ಬೇಡ ಅಂದರೆ ಚಾಟ್‌ಜಿಪಿಟಿ, ಜೆಮಿನಿಯಂಥವುಗಳಿಗೇ "ನನಗೊಂದು ಟ್ಯಾರೋ ರೀಡಿಂಗ್ ಮಾಡು" ಅಂದರೂ ಆಯಿತು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತೆ. ದಕ್ಷಿಣೆ ಬೇಡ, ಸರತಿ ಬೇಡ, ಪಕ್ಕದ ಮನೆಯವರ ಕಣ್ಣಿಗೆ ಬೀಳೋ ಭಯವೂ ಇಲ್ಲ. ಜನರಿಗೆ ಇಷ್ಟವಾಗಿರೋದು ಯಾಕೆ ಅಂತ ಅರ್ಥಮಾಡಿಕೊಳ್ಳೋದು ಕಷ್ಟವೇನಲ್ಲ.

ಎಷ್ಟೋ ಮನೆಗಳಲ್ಲಿ ಈಗ ನಡೆಯೋ ಮಾತು ಹೆಚ್ಚುಕಮ್ಮಿ ಹೀಗಿರತ್ತೆ:

"ಅವ್ವಾ, ನಾ ಕಾರ್ಡ್ ಹಾಕಿ ನೋಡ್ದೆ. ಈ ಸಂಬಂಧ ಬ್ಯಾಡ ಅಂತ ಬಂತು."

"ಯಾರ್ ಹೇಳಿದ್ರವ್ವಾ?"

"ಫೋನಾಗ ಬಂತು."

"ಫೋನಿಗೇನ್ ಗೊತ್ತೈತಿ? ಹುಡುಗನ್ನ ನೋಡೈತೇನದು?"

"ನೀ ಹೋದ ವಾರ ಹೊತ್ತಿಗಿ ನೋಡಿಸಿದ್ಯಲ್ಲ, ಆ ಹೊತ್ತಿಗಿ ನೋಡಿತ್ತೇನು?"

ಅವ್ವನ ಪ್ರಶ್ನೆಯೂ ಸರಿ, ಮಗಳ ಪ್ರಶ್ನೆಯೂ ಸರಿ. ಇಬ್ಬರಿಗೂ ಉತ್ತರ ಬೇಕು ಅಂದರೆ ಮೊದಲು ಈ ಕಾರ್ಡಿನೊಳಗೆ ಏನು ನಡೆಯುತ್ತೆ ಅಂತ ನೋಡಬೇಕು.

ಗಿಳಿ ಯಾವುದು, ಶಾಸ್ತ್ರಿ ಯಾರು?

ಗಿಳಿ ಶಾಸ್ತ್ರ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ಪಂಜರದ ಬಾಗಿಲು ತೆಗೆದರೆ ಗಿಳಿ ಹೊರಗೆ ಬರುತ್ತೆ, ಜೋಡಿಸಿಟ್ಟ ಕಾರ್ಡುಗಳಲ್ಲಿ ಒಂದನ್ನು ಕೊಕ್ಕಿನಿಂದ ಎತ್ತಿ ಕೊಡುತ್ತೆ, ಒಂದು ಕಾಳು ತಿಂದು ಒಳಗೆ ಹೋಗುತ್ತೆ. ಗಿಳಿಯ ಕೆಲಸ ಅಲ್ಲಿಗೆ ಮುಗೀತು. ಆ ಕಾರ್ಡಿನ ಚಿತ್ರಕ್ಕೂ ನಿಮ್ಮ ಮನೆಯ ಕಷ್ಟಕ್ಕೂ ಗಂಟು ಹಾಕೋದು ಶಾಸ್ತ್ರಿಯ ಕೆಲಸ. ನಿಮ್ಮ ಮುಖ, ವಯಸ್ಸು, ಕೊರಳ ತಾಳಿ, ಕೈಯ ಬಳೆ, ಮಾತಿನ ಧಾಟಿ ಎಲ್ಲ ನೋಡಿ ಅವರು ಮಾತು ಹೆಣೆಯುತ್ತಾರೆ. ಅಂದಹಾಗೆ, ನಮ್ಮ ದೇಶದ ಗಿಳಿಗಳನ್ನು ಹಿಡಿದು ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಆನ್‌ಲೈನ್ ಟ್ಯಾರೋದಲ್ಲಿ ಗಿಳಿಯ ಜಾಗದಲ್ಲಿ ಒಂದು ಸಣ್ಣ ಲೆಕ್ಕ ಇರುತ್ತೆ. ಒಂದರಿಂದ 78ರವರೆಗಿನ ಸಂಖ್ಯೆಗಳಲ್ಲಿ ಯಾವುದೋ ಒಂದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎತ್ತುತ್ತೆ. ಟ್ಯಾರೋ ಕಟ್ಟಿನಲ್ಲಿ ಇರೋದು 78 ಕಾರ್ಡು. ಅದರಲ್ಲಿ 22 ದೊಡ್ಡ ಕಾರ್ಡುಗಳು: ಸೂರ್ಯ, ಚಂದ್ರ, ನ್ಯಾಯ, ವಿಧಿಚಕ್ರ, ಗೋಪುರ, ಮರಣ ಮುಂತಾದವು. ಉಳಿದ 56 ನಮ್ಮ ಇಸ್ಪೀಟಿನ ಹಾಗೆ ನಾಲ್ಕು ಗುಂಪು: ದಂಡ, ಬಟ್ಟಲು, ಖಡ್ಗ, ನಾಣ್ಯ. ಒಂದೊಂದರಲ್ಲೂ 14. ಮೂರು ಕಾರ್ಡನ್ನು ಒಂದರ ಹಿಂದೊಂದು ತೆಗೆದರೆ 4,56,456 ರೀತಿ ಬರಬಹುದು. ನಿಮ್ಮ ಹುಟ್ಟಿದ ದಿನಕ್ಕೂ ಆ ಚೀಟಿಗೂ ನಂಟಿಲ್ಲ.

ಶಾಸ್ತ್ರಿಯ ಜಾಗದಲ್ಲಿ ಇರೋದು ಭಾಷಾ ಮಾದರಿ ಅನ್ನೋ ಯಂತ್ರ. ಪುಸ್ತಕ, ಲೇಖನ, ಅಂತರ್ಜಾಲದ ಕೋಟ್ಯಂತರ ವಾಕ್ಯಗಳನ್ನು ಓದಿಸಿ, ಒಂದು ಮಾತಿನ ಮುಂದೆ ಯಾವ ಮಾತು ಬರೋ ಸಂಭವ ಹೆಚ್ಚು ಅಂತ ಕಲಿಸಿರುತ್ತಾರೆ. ನಿಮ್ಮ ಪ್ರಶ್ನೆ, ಬಂದ ಮೂರು ಕಾರ್ಡಿನ ಹೆಸರು, ಎರಡನ್ನೂ ಅದಕ್ಕೆ ಕೊಡುತ್ತಾರೆ. ಟ್ಯಾರೋ ಬಗ್ಗೆ ಇಂಗ್ಲಿಷಿನಲ್ಲಿ ಜನ ಬರೆದಿಟ್ಟ ರಾಶಿ ಬರಹದ ಧಾಟಿಯಲ್ಲಿ ಅದು ನಿಮಗೊಂದು ಉತ್ತರ ಹೆಣೆಯುತ್ತೆ. ಕನ್ನಡದ ಉತ್ತರ ಕೆಲವೊಮ್ಮೆ ಅನುವಾದದ ವಾಸನೆ ಹೊಡೆಯೋದು ಇದಕ್ಕೇ. "ನಿಮ್ಮ ಆಂತರಿಕ ಶಕ್ತಿಯನ್ನು ಅಪ್ಪಿಕೊಳ್ಳಿ" ಅಂತ ನಮ್ಮ ಕಡೆ ಯಾವ ಅಜ್ಜಿಯೂ ಹೇಳಿರಲಿಕ್ಕಿಲ್ಲ.

ಇನ್ನೊಂದು ವಿಷಯ. ಟ್ಯಾರೋಗೆಂದೇ ಮಾಡಿದ ಆ್ಯಪ್‌ನಲ್ಲಿ ಚೀಟಿ ಎತ್ತೋ ಲೆಕ್ಕ ಸಾಮಾನ್ಯವಾಗಿ ಬೇರೆ ಇರುತ್ತೆ. ಬರೀ ಮಾತಾಡೋ ಚಾಟ್‌ಬಾಟ್‌ಗೆ "ನೀನೇ ಒಂದು ಕಾರ್ಡು ತೆಗಿ" ಅಂದರೆ ಕೆಲವೊಮ್ಮೆ ಅದು ಏನನ್ನೂ ತೆಗೆದಿರೋದಿಲ್ಲ. ಮಾತಿನ ಓಟಕ್ಕೆ ಯಾವ ಕಾರ್ಡಿನ ಹೆಸರು ಹೊಂದುತ್ತೋ ಅದನ್ನು ಹೇಳಿರುತ್ತೆ. ಅಂದರೆ ಗಿಳಿಯೂ ಇಲ್ಲ, ಶಾಸ್ತ್ರಿಯೊಬ್ಬನೇ!

ಆಟದ ಎಲೆ, ಭವಿಷ್ಯದ ಎಲೆ

"ಸಾವಿರಾರು ವರ್ಷದ ಪುರಾತನ ವಿದ್ಯೆ" ಅಂತ ಅನೇಕ ಆ್ಯಪ್‌ಗಳು ಬರೆದುಕೊಂಡಿರುತ್ತವೆ. ಇತಿಹಾಸ ಬೇರೆ ಹೇಳುತ್ತೆ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದಲ್ಲಿ, ಇಟಲಿಯ ಉತ್ತರ ಭಾಗದ ಮಿಲಾನ್, ಫೆರಾರಾ ಕಡೆಯ ಶ್ರೀಮಂತರ ಮನೆಗಳಲ್ಲಿ. ಅದು ಎಲೆ ಆಟ, ಅಷ್ಟೇ. ಆ ಹೊತ್ತಿಗೆ ನಮ್ಮ ಹಂಪಿಯಲ್ಲಿ ವಿಜಯನಗರದ ಇಮ್ಮಡಿ ದೇವರಾಯ ಆಳುತ್ತಿದ್ದ. ಅದೇ ಇಟಲಿಯ ವ್ಯಾಪಾರಿ ನಿಕೊಲೊ ಕೊಂಟಿ 1420ರ ಸುಮಾರಿಗೆ ವಿಜಯನಗರಕ್ಕೆ ಬಂದು ಹೋಗಿದ್ದ. ಹಾಗೆ ನೋಡಿದರೆ ಹಂಪಿಯ ಕಲ್ಲುಮಂಟಪಗಳೂ ಟ್ಯಾರೋ ಕಾರ್ಡುಗಳೂ ಹೆಚ್ಚುಕಮ್ಮಿ ಒಂದೇ ಓರಿಗೆಯವು.

ಆಟದ ಎಲೆಗೆ ಭವಿಷ್ಯದ ಬಣ್ಣ ಬಂದದ್ದು ಮುನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ಫ್ರಾನ್ಸಿನಲ್ಲಿ. 1781ರಲ್ಲಿ ಕೋರ್ ದ ಜೆಬೆಲಾಂ ಎಂಬ ಪಂಡಿತ, ಈ ಎಲೆಗಳಲ್ಲಿ ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನ ಅಡಗಿದೆ ಅಂತ ಬರೆದ. ಈಜಿಪ್ಟಿನ ಚಿತ್ರಲಿಪಿಯನ್ನು ಓದೋದು ಹೇಗೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅದು ಬಿಡಿಸಿಕೊಂಡದ್ದು 1822ರಲ್ಲಿ. ಆದರೂ ಮಾತು ನಿಂತುಬಿಟ್ಟಿತು. ಎಟ್ಟೀಯ ಅನ್ನೋ ಹೆಸರಿನಲ್ಲಿ ಇನ್ನೊಬ್ಬ ಪ್ಯಾರಿಸ್‌ನಲ್ಲಿ ಅದನ್ನೇ ಕಸುಬು ಮಾಡಿಕೊಂಡ. ಇವತ್ತು ಆ್ಯಪ್‌ಗಳಲ್ಲಿ ಹೆಚ್ಚಾಗಿ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಟ್ಟಿನವು. ಆರ್ಥರ್ ವೇಟ್ ಹೇಳಿ ಬರೆಸಿದ, ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದ ಚಿತ್ರಗಳವು.

ಆ ಚಿತ್ರಗಳು ಚೆನ್ನಾಗಿವೆ, ಅದನ್ನು ಒಪ್ಪಬೇಕು. ಖಡ್ಗದ ಆರನೇ ಕಾರ್ಡು ನೋಡಿ. ಮುಸುಕು ಹೊದ್ದ ಹೆಂಗಸು, ಪಕ್ಕದಲ್ಲಿ ಮಗು, ಹಿಂದೆ ನಿಂತು ದೋಣಿ ನೂಕುತ್ತಿರುವ ಅಂಬಿಗ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿ ಆಚೆ ದಡಕ್ಕೆ ಹೋದವರಿಗೆ ಆ ಚಿತ್ರ ಕಂಡಕೂಡಲೇ ಏನೋ ನೆನಪಾಗುತ್ತೆ. ತವರಿಗೆ ಹೊರಟವಳಿಗೆ ಒಂದರ್ಥ, ತವರು ಬಿಟ್ಟು ಹೊರಟವಳಿಗೆ ಇನ್ನೊಂದರ್ಥ. ಚಿತ್ರ ಒಂದೇ, ಅರ್ಥ ತುಂಬೋದು ನೋಡುವವಳು.

"ನನಗೇ ಹೇಳಿದ ಹಂಗಿದೆ!"

ಆ್ಯಪ್ ಬಳಸಿದವರು ಹೆಚ್ಚಾಗಿ ಹೇಳೋ ಮಾತಿದು. ಇದರ ಹಿಂದೆ ಒಂದು ಹಳೇ ಪ್ರಯೋಗ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, "ಇದು ನಿಮ್ಮ ಸ್ವಭಾವದ ವಿವರ" ಅಂತ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟ. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಿ ಅಂದ. ಸರಾಸರಿ 4.26 ಬಂತು. ಆಮೇಲೆ ಗುಟ್ಟು ಬಿಚ್ಚಿದ: ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ! ಅದರ ಬಹುಪಾಲು ಸಾಲುಗಳನ್ನು ಅವನು ಎತ್ತಿಕೊಂಡಿದ್ದು ಅಂಗಡಿಯಲ್ಲಿ ಸಿಗೋ ಜ್ಯೋತಿಷ್ಯದ ಪುಸ್ತಕದಿಂದ. 1949ರಲ್ಲಿ ಪ್ರಕಟವಾದ ಈ ಪ್ರಯೋಗಕ್ಕೆ ಇವತ್ತಿಗೂ ಅವನ ಹೆಸರೇ ಇದೆ. "ನೀವು ಮೇಲೆ ಗಟ್ಟಿ, ಒಳಗೆ ಮೃದು" ಅಂದರೆ ಬೇಡ ಅನ್ನೋರು ಯಾರು?

ಯಂತ್ರದ ಮಾತಿಗೆ ಮನಸ್ಸು ಕೊಡೋದೂ ಹೊಸದಲ್ಲ. 1966ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜನ್‌ಬಾಮ್ ಎಲೈಜಾ ಎಂಬ ಸರಳ ಪ್ರೋಗ್ರಾಂ ಬರೆದ. ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡೋದು ಅದರ ಕೆಲಸ. ಅದು ಬರೀ ಪ್ರೋಗ್ರಾಂ ಅಂತ ಗೊತ್ತಿದ್ದ ಅವನ ಕಾರ್ಯದರ್ಶಿಯೇ ಅದರ ಜೊತೆ ಸ್ವಲ್ಪ ಹೊತ್ತು ಮಾತಾಡಿ, "ನೀವು ಸ್ವಲ್ಪ ಹೊರಗೆ ಹೋಗ್ತೀರಾ?" ಅಂತ ಅವನನ್ನು ಕೇಳಿದಳಂತೆ. ಮನುಷ್ಯರಿಗೆ ಕೇಳಿಸಿಕೊಳ್ಳೋರು ಬೇಕು. ಆ ಹಸಿವು ಅಷ್ಟು ದೊಡ್ಡದು.

ಈಗಿನ ಯಂತ್ರಗಳು ಎಲೈಜಾಗಿಂತ ಸಾವಿರ ಪಾಲು ಮಾತುಗಾರರು. ಅವಕ್ಕೆ ಇನ್ನೊಂದು ಗುಣ ಅಂಟಿಕೊಂಡಿದೆ, ಹೌದಪ್ಪ ಅನ್ನೋದು. ಕೇಳುವವರಿಗೆ ಹಿತವಾಗೋ ಉತ್ತರಕ್ಕೆ ಮೆಚ್ಚುಗೆ ಸಿಕ್ಕಿ ಸಿಕ್ಕಿ ಅವು ಹಾಗೆ ಪಳಗಿವೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿ ಹೊಗಳೋದು ಅತಿಯಾಯಿತು ಅಂತ ಓಪನ್‌ಎಐ ಕಂಪನಿಯೇ ಅದನ್ನು ವಾಪಸ್ ತೆಗೆದುಕೊಂಡಿತು. ನೀವು "ಅವನು ನನಗೆ ಮೋಸ ಮಾಡ್ತಿದಾನೆ ಅನ್ಸತ್ತೆ, ಕಾರ್ಡು ಏನು ಹೇಳುತ್ತೆ?" ಅಂತ ಕೇಳಿದರೆ, ಪ್ರಶ್ನೆಯಲ್ಲಿರೋ ಅನುಮಾನವೇ ಉತ್ತರದಲ್ಲಿ ಚಂದ ಸೀರೆ ಉಟ್ಟುಕೊಂಡು ವಾಪಸ್ ಬರೋ ಸಾಧ್ಯತೆ ಜಾಸ್ತಿ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿ. ಮೊದಲ ಸಲ "ಈ ಕೆಲಸ ಬಿಡೋ ಆಸೆ ಇದೆ" ಅಂತ ಸೇರಿಸಿ. ಎರಡನೇ ಸಲ, ಬೇರೆ ಚಾಟ್ ತೆರೆದು, ಅದೇ ಮೂರು ಕಾರ್ಡಿನ ಹೆಸರು ಕೊಟ್ಟು, "ಈ ಕೆಲಸ ಬಿಡೋಕೆ ಭಯ ಇದೆ" ಅಂತ ಸೇರಿಸಿ. ಎರಡು ಉತ್ತರವನ್ನೂ ಪಕ್ಕಪಕ್ಕ ಇಟ್ಟು ಓದಿ. ಕಾರ್ಡು ಒಂದೇ ಆಗಿದ್ದೂ ಮಾತು ಯಾವ ಕಡೆ ವಾಲಿದೆ ಅಂತ ನಿಮಗೇ ಕಾಣುತ್ತೆ.

ಮೈಲಾರದ ಕಾರ್ಣಿಕ, ನಡುರಾತ್ರಿಯ ಫೋನು

ಹಾಗಾದರೆ ಹಳೇ ಪದ್ಧತಿಗಳೆಲ್ಲ ಸರಿ, ಹೊಸದು ಮಾತ್ರ ತಪ್ಪಾ? ಹಾಗೂ ಹೇಳೋಕಾಗಲ್ಲ. ಮುಂದೇನಾಗುತ್ತೆ ಅಂತ ಹೊತ್ತಿಗೆಗೂ ಗೊತ್ತಿಲ್ಲ, ಫೋನಿಗೂ ಗೊತ್ತಿಲ್ಲ. ಆದರೆ ಕೇಳುವ ರೀತಿಯಲ್ಲಿ ಒಂದು ವ್ಯತ್ಯಾಸ ಇದೆ.

ನಮ್ಮ ವಿಜಯನಗರ ಜಿಲ್ಲೆಯದೇ ಹೂವಿನಹಡಗಲಿ ತಾಲ್ಲೂಕಿನ ಮೈಲಾರವನ್ನು ತೆಗೆದುಕೊಳ್ಳಿ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾನೆ. "ಸದ್ದಲೇ" ಅಂತ ಒಮ್ಮೆ ಕೂಗಿದರೆ ಲಕ್ಷಾಂತರ ಜನರ ಜಾತ್ರೆ ಗಪ್ಪಾಗುತ್ತೆ. ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅದೇ ಆ ವರ್ಷದ ಕಾರ್ಣಿಕ. ಆಮೇಲೆ ಶುರುವಾಗೋದು ಅರ್ಥ ಬಿಡಿಸೋ ಕೆಲಸ. ಮಳೆ ಬೆಳೆಗೆ ಹೀಗೆ ಅಂತ ರೈತರು, ಕುರ್ಚಿಗೆ ಹಾಗೆ ಅಂತ ರಾಜಕೀಯದವರು. ಬಸ್ಸಿನಲ್ಲಿ, ಚಹಾದ ಅಂಗಡಿಯಲ್ಲಿ, ಕಟ್ಟೆ ಮೇಲೆ ವಾರಗಟ್ಟಲೆ ಚರ್ಚೆ.

ಇದರಲ್ಲಿ ಮೂರು ಗುಣ ನೋಡಿ. ಕಾರ್ಣಿಕ ವರ್ಷಕ್ಕೊಂದೇ, ಇಷ್ಟವಾಗಲಿಲ್ಲ ಅಂತ ಇನ್ನೊಂದು ಸಲ ಬಿಲ್ಲು ಏರು ಅನ್ನೋಹಾಗಿಲ್ಲ. ಎಲ್ಲರ ಎದುರಿಗೆ ನುಡಿದದ್ದು, ಯಾರ ಕಿವಿಗೂ ಗುಟ್ಟಾಗಿ ಹೇಳಿದ್ದಲ್ಲ. ಅರ್ಥ ಬಿಡಿಸೋದೂ ನಾಲ್ಕು ಜನ ಕೂತು. ಮನೆದೇವರ ಮುಂದೆ ಹೂ ಕೇಳೋದರಲ್ಲೂ ಹಿರಿಯರು ಜೊತೆಗಿರುತ್ತಾರೆ. ಬಲಗಡೆ ಹೂ ಬಿದ್ದರೆ ಆಯ್ತು, ಎಡಗಡೆ ಬಿದ್ದರೆ ಬೇಡ. ಬೇಡವಾದ ಸಂಬಂಧವನ್ನು ಬೀಗರ ಮನಸ್ಸು ನೋಯಿಸದೆ ಬಿಡೋಕೆ "ದೇವ್ರು ಎಡಕ್ಕ ಕೊಡ್ತು ನೋಡ್ರಿ" ಅನ್ನೋ ಮಾತು ಎಷ್ಟೋ ಹಿರಿಯರ ಕೈ ಹಿಡಿದಿದೆ.

ಫೋನಿನ ಟ್ಯಾರೋ ಈ ಮೂರಕ್ಕೂ ಉಲ್ಟಾ. ರಾತ್ರಿ ಒಂದು ಗಂಟೆಗೆ, ಹೊದಿಕೆಯೊಳಗೆ, ಒಬ್ಬರೇ. ಉತ್ತರ ಹಿಡಿಸಲಿಲ್ಲವಾ, ಇನ್ನೊಂದು ಸಲ ತೆಗೀಬಹುದು. ಹತ್ತನೇ ಸಲ ಬೇಕಾದ ಕಾರ್ಡು ಬಂದಾಗ "ನೋಡು, ಬಂತು" ಅನ್ನಬಹುದು. ಮೊದಲ ಒಂಬತ್ತು ಮರೆತೇ ಹೋಗಿರುತ್ತೆ. ಹೀಗೆ ತೆಗೆಯುತ್ತಾ ತೆಗೆಯುತ್ತಾ ನಿದ್ದೆ ಹೋಗುತ್ತೆ, ತೀರ್ಮಾನ ಮಾತ್ರ ಹಾಗೇ ಉಳಿಯುತ್ತೆ. ದಿನನಿತ್ಯದ ಟ್ಯಾರೋದ ನಿಜವಾದ ಅಪಾಯ ಇರೋದು ಇಲ್ಲಿ. ಕಾರ್ಡು ಸುಳ್ಳು ಹೇಳಿದ್ದಕ್ಕಿಂತ, ನಾವು ಕೇಳಬೇಕಾದವರನ್ನು ಕೇಳದೇ ಹೋಗೋದು ದೊಡ್ಡ ನಷ್ಟ.

ನಾಲ್ಕು ಊರು, ನಾಲ್ಕು ಪ್ರಶ್ನೆ

ಕಂಪ್ಲಿಯ ಭತ್ತದ ರೈತನ ಪ್ರಶ್ನೆ: "ಎರಡನೇ ಬೆಳೆ ಹಾಕ್ಲೇನು?" ಇದಕ್ಕೆ ಸೂರ್ಯನ ಕಾರ್ಡು ಬಂದರೂ, ಕಾಲುವೆಗೆ ನೀರು ಬಿಡೋ ತೀರ್ಮಾನ ಆಗೋದು ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ. ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ, ಒಳಹರಿವು ಎಷ್ಟು ಅನ್ನೋದು ಪತ್ರಿಕೆಯಲ್ಲಿ ಬರುತ್ತೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದಾಗ ಈ ಭಾಗದ ರೈತರ ಎದೆ ಒಡೆದಿತ್ತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ, ಒಂದು ವಾರದಲ್ಲಿ ನೀರು ಉಳಿಸಿದರು. ಅವತ್ತು ಬೇಕಾಗಿದ್ದು ಕಬ್ಬಿಣದ ಅಳತೆ ಗೊತ್ತಿದ್ದ ಕೈಗಳು. ಮಳೆಯ ಮಾಹಿತಿಗೆ ರಾಜ್ಯದ ವರುಣಮಿತ್ರ 9243345433, ಬೆಳೆಯ ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರ್ 1800-180-1551. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸಂಡೂರಿನ ಗಣಿ ಕೆಲಸದವನ ಪ್ರಶ್ನೆ: "ಕಾಂಟ್ರಾಕ್ಟ್ ಕೆಲಸ ಬಿಟ್ಟು ಸ್ವಂತ ಟಿಪ್ಪರ್ ತಗೊಳ್ಲಾ?" ವಿಧಿಚಕ್ರದ ಕಾರ್ಡು ಬಂದರೆ "ಅದೃಷ್ಟ ತಿರುಗುತ್ತೆ" ಅನ್ನುತ್ತೆ ಆ್ಯಪ್. 2011ರ ಜುಲೈ 27ರಂದು ಲೋಕಾಯುಕ್ತರ ಗಣಿ ವರದಿ ಸಲ್ಲಿಕೆಯಾಯಿತು. ಎರಡೇ ದಿನದಲ್ಲಿ, 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಸಾಲ ಮಾಡಿ ಲಾರಿ ತಂದವರ ಪಾಡು ಸಂಡೂರು, ಹೊಸಪೇಟೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಮುಂಚೆ ವರ್ಷಗಟ್ಟಲೆ ತನಿಖೆ, ಮೊಕದ್ದಮೆ ಎಲ್ಲ ಬಹಿರಂಗವಾಗೇ ನಡೆದಿತ್ತು. ಟಿಪ್ಪರ್ ತಗೊಳ್ಳೋ ಮುಂಚೆ ನೋಡಬೇಕಾದ್ದು ಆ ಗಣಿಯ ಗುತ್ತಿಗೆ ಯಾವ ವರ್ಷದವರೆಗಿದೆ, ಕೆಲಸ ಇಲ್ಲದ ಆರು ತಿಂಗಳು ಕಂತು ಯಾರು ಕಟ್ಟುತ್ತಾರೆ ಅನ್ನೋದು.

ಹಂಪಿ ಕಡೆಯ ಪ್ರಶ್ನೆ: "ಮನೆ ಮೇಲೆ ಎರಡು ರೂಮು ಹಾಕಿ ಹೋಮ್‌ಸ್ಟೇ ಮಾಡ್ಲಾ?" 1986ರಿಂದ ಹಂಪಿ ವಿಶ್ವ ಪರಂಪರೆಯ ತಾಣ. ಕಟ್ಟೋಕೆ, ನಡೆಸೋಕೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಬೇಕು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನದಿಯಾಚೆ ವಿರೂಪಾಪುರ ಗಡ್ಡಿಯ ರೆಸಾರ್ಟುಗಳನ್ನು ಮಾರ್ಚ್ ತಿಂಗಳಲ್ಲಿ ನೆಲಸಮ ಮಾಡಿದ್ದು ನೆನಪಿದೆಯಲ್ಲ? ನಾಣ್ಯದ ಹತ್ತನೇ ಕಾರ್ಡು "ಸಮೃದ್ಧಿ" ಅಂದರೂ ಪ್ರಾಧಿಕಾರದ ಮುದ್ರೆ ಬೀಳದೆ ಒಂದು ಇಟ್ಟಿಗೆಯನ್ನೂ ಇಡಬೇಡಿ.

ಹೊಸಪೇಟೆಯ ಸೊಸೆಯೊಬ್ಬಳ ಪ್ರಶ್ನೆ, ಇದು ಎಲ್ಲ ಊರಿನದೂ ಹೌದು: "ಅವರು ಕುಡಿದು ಬಂದು ಹೊಡೀತಾರೆ. ಬದಲಾಗ್ತಾರಾ?" ಕಾರ್ಡು ನಕ್ಷತ್ರ ತೋರಿಸಿ "ಭರವಸೆ ಇಡಿ, ತಾಳ್ಮೆ ಇರಲಿ" ಅನ್ನಬಹುದು. ಈ ಒಂದು ಉತ್ತರ ಒಂದು ಜೀವವನ್ನೇ ಇನ್ನೊಂದು ವರ್ಷ ಅದೇ ಮನೆಯಲ್ಲಿ ಕೂಡಿಹಾಕಬಲ್ಲದು. ಇಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ತಾಯಿ, ಅಕ್ಕ, ಪಕ್ಕದ ಮನೆ ಚಿಗವ್ವ, ಯಾರಾದರೂ ಒಬ್ಬರಿಗೆ ಗೊತ್ತಿರಬೇಕು.

ಆಸ್ಪತ್ರೆ ವಿಷಯವೂ ಇದೇ. ನಾಳೆ ಅಪ್ಪನ ಆಪರೇಷನ್ ಅಂತ ಇಟ್ಟುಕೊಳ್ಳಿ. ಸಿಡಿಲು ಬಡಿದು ಜನ ಉರುಳುತ್ತಿರುವ ಗೋಪುರದ ಕಾರ್ಡು ಪರದೆ ಮೇಲೆ ಬಂತು. "ಗೋಪುರ ಅಂದರೆ ಬದಲಾವಣೆ" ಅಂತ ಆ್ಯಪ್ ಎಷ್ಟೇ ಸಮಾಧಾನ ಹೇಳಲಿ, ಆ ರಾತ್ರಿ ಕಣ್ಣು ಮುಚ್ಚೋಕಾಗುತ್ತಾ? ಚೀಟಿ ಎತ್ತಿದ ಒಂದು ಲೆಕ್ಕಕ್ಕೆ ಅಷ್ಟು ಬೆಲೆ ಕೊಡಬೇಕಾ?

ಹಾಗಾದ್ರೆ ಉಪಯೋಗವೇ ಇಲ್ವಾ?

ಇದೆ, ಒಂದು ಮಿತಿಯೊಳಗೆ. ಮೇಲಿನ ಅವ್ವ-ಮಗಳ ಮಾತಿಗೆ ವಾಪಸ್ ಹೋಗೋಣ. ಮಗಳಿಗೆ ಆ ಸಂಬಂಧ ಬೇಡ. ಬೇಡ ಅನ್ನೋಕೆ ಬಾಯಿ ಬರ್ತಿಲ್ಲ. ಕಾರ್ಡು ಅವಳಿಗೆ ಬಾಯಾಯಿತು. ಅವ್ವ "ಫೋನಿಗೇನ್ ಗೊತ್ತೈತಿ" ಅನ್ನೋದು ಬಿಟ್ಟು "ನಿನಗ್ಯಾಕ ಬ್ಯಾಡ ಅನಿಸ್ತು, ಹೇಳವ್ವ" ಅಂದಿದ್ದರೆ ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು. ಮಕ್ಕಳ ಫೋನಿನಲ್ಲಿ ಟ್ಯಾರೋ ಕಂಡರೆ ಬೈಯೋ ಮುಂಚೆ "ಏನ್ ಕೇಳಿದಿ?" ಅಂತ ವಿಚಾರಿಸಿ. ಅವರು ಕೇಳಿದ ಪ್ರಶ್ನೆ ನಿಮಗೆ ಹೇಳಲಾಗದೆ ಉಳಿದ ಮಾತೂ ಆಗಿರಬಹುದು.

ತಮ್ಮನ್ನೇ ತಾವು ಕೇಳಿಕೊಳ್ಳೋಕೂ ಚಿತ್ರ ಸಹಾಯ ಮಾಡುತ್ತೆ. ಖಡ್ಗದ ಎರಡನೇ ಕಾರ್ಡಿನಲ್ಲಿ ಒಬ್ಬ ಹೆಂಗಸು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಕತ್ತಿ ಅಡ್ಡ ಹಿಡಿದು ಕೂತಿದ್ದಾಳೆ. ಅದನ್ನು ನೋಡಿ "ನಾನು ಯಾವುದನ್ನು ನೋಡದ ಹಾಗೆ ಕೂತಿದೀನಿ?" ಅಂತ ಹತ್ತು ನಿಮಿಷ ಯೋಚಿಸಿದರೆ ಅದು ಒಳ್ಳೇದೇ. ಭವಿಷ್ಯ ಕೇಳಿದರೆ ಯಂತ್ರ ಕಥೆ ಕಟ್ಟುತ್ತೆ. "ಈ ತೀರ್ಮಾನದಲ್ಲಿ ನಾನು ಮರೆತಿರೋದು ಏನಿರಬಹುದು, ಐದು ಪ್ರಶ್ನೆ ಕೇಳು" ಅಂದರೆ ಅದೇ ಯಂತ್ರ ಉಪಯೋಗಕ್ಕೆ ಬರೋ ಪ್ರಶ್ನೆಗಳನ್ನು ಕೊಡುತ್ತೆ. ಅದಕ್ಕೆ ಕಾರ್ಡು ಬೇಕೇ ಬೇಕು ಅಂತಲೂ ಇಲ್ಲ.

ದುಡ್ಡು, ಗುಟ್ಟು

ಮೊದಲ ರೀಡಿಂಗ್ ಉಚಿತ. ಆಮೇಲೆ "ಪೂರ್ತಿ ಉತ್ತರಕ್ಕೆ ಇಷ್ಟು" ಅಂತ ಬರುತ್ತೆ. ಕೆಲವು ಕಡೆ ಒಂದು ಸಲ ಒಪ್ಪಿಕೊಂಡರೆ ಯುಪಿಐ ಆಟೋಪೇ ಮೂಲಕ ತಿಂಗಳು ತಿಂಗಳು ತಾನಾಗೇ ಕಡಿತವಾಗುತ್ತಾ ಹೋಗುತ್ತೆ. ಸಣ್ಣ ಮೊತ್ತಕ್ಕೆ ಪ್ರತಿ ಸಲ ಪಿನ್ ಕೇಳಲ್ಲ. ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ವಿಭಾಗ ತೆರೆದು ನೋಡಿ, ಬೇಡದ್ದನ್ನು ಅಲ್ಲೇ ರದ್ದು ಮಾಡಬಹುದು. ಆ್ಯಪ್ ಅಳಿಸಿದ ಮಾತ್ರಕ್ಕೆ ಕಡಿತ ನಿಲ್ಲಲ್ಲ. "ನಿಮ್ಮ ಕಾರ್ಡಿನಲ್ಲಿ ದೋಷ ಇದೆ, ಪರಿಹಾರಕ್ಕೆ ಇಷ್ಟು ಕಳಿಸಿ" ಅಂತ ಯಾರಾದರೂ ಕರೆ ಮಾಡಿದರೆ ಅದು ಮೋಸ ಅಂತಲೇ ತಿಳಿಯಿರಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗುಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಕಣಿ ಹೇಳುವವಳು ನಿಮ್ಮ ಕಥೆ ಕೇಳಿ ಮುಂದಿನ ಓಣಿಗೆ ಹೋಗುತ್ತಿದ್ದಳು. ಆ್ಯಪ್‌ನಲ್ಲಿ ಬರೆದದ್ದು ಯಾವುದೋ ಸರ್ವರ್‌ನಲ್ಲಿ ಉಳಿಯಬಹುದು. ಗಂಡನ ಹೆಸರು, ಅತ್ತೆಯ ಜಗಳ, ಖಾಯಿಲೆ, ಸಾಲ, ಎಲ್ಲ ಸೇರಿದರೆ ಮನೆಯ ಪೂರ್ತಿ ಚಿತ್ರವೇ ಅಲ್ಲಿರುತ್ತೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಪಾಲಕರ ಒಪ್ಪಿಗೆ ಬೇಕು ಅಂತ ಇದೆ. ಆದರೆ ಆ್ಯಪ್‌ನ "ಒಪ್ಪಿದೆ" ಗುಂಡಿ ಒತ್ತೋದು ಹೆಚ್ಚಾಗಿ ಮಕ್ಕಳ ಬೆರಳೇ. ಮನೆಯಲ್ಲಿ ಒಮ್ಮೆ ಕೂತು ಮಾತಾಡಿ.

ಕೇಳಲೇಬೇಕು ಅನಿಸಿದರೆ

• ಪ್ರಶ್ನೆಯನ್ನು ಮೊದಲು ಹಾಳೆ ಮೇಲೆ ಬರೆಯಿರಿ. ಅರ್ಧ ಉತ್ತರ ಬರೆಯುವಾಗಲೇ ಸಿಗುತ್ತೆ.

• "ಏನಾಗುತ್ತೆ?" ಬೇಡ. "ನಾನು ಏನು ಯೋಚಿಸಿಲ್ಲ?" ಅಂತ ಕೇಳಿ.

• ಕಾರ್ಡು ಮಗುಚೋ ಮುಂಚೆ, ಯಾವ ಉತ್ತರ ಬರಲಿ ಅಂತ ಮನಸ್ಸು ಬಯಸುತ್ತಿದೆ ಅಂತ ಗಮನಿಸಿ. ಅದನ್ನೂ ಬರೆದಿಡಿ.

• ಒಂದು ಪ್ರಶ್ನೆಗೆ ಒಂದೇ ಸಲ. ಮತ್ತೆ ತೆಗೀಬೇಕು ಅನಿಸಿದರೆ ಫೋನು ಇಟ್ಟು ಒಬ್ಬರಿಗೆ ಕರೆ ಮಾಡಿ.

• ಆರೋಗ್ಯ, ಸಾಲ, ಆಸ್ತಿ, ಕೋರ್ಟು, ಹಿಂಸೆ, ಈ ಐದಕ್ಕೆ ಕಾರ್ಡು ಬೇಡ. ಡಾಕ್ಟರು, ಬ್ಯಾಂಕು, ವಕೀಲರು, ಸಹಾಯವಾಣಿ ಇದ್ದಾರೆ.

• ಹೆಸರು, ಊರು, ಫೋಟೋ, ಆಧಾರ್, ಬ್ಯಾಂಕ್ ವಿವರ ಕೊಡಬೇಡಿ.

• ದಿನಕ್ಕೆ ಹಲವು ಸಲ ಕೇಳದೆ ಇರೋಕಾಗ್ತಿಲ್ಲ, ನಿದ್ದೆ ಇಲ್ಲ, ಬದುಕೇ ಬೇಡ ಅನಿಸ್ತಿದೆ ಅಂದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡುತ್ತಾರೆ.

ಮುಂದೇನು ಅಂತ ಕೇಳೋ ಆಸೆ ಮನುಷ್ಯರಿಗೆ ಇದ್ದೇ ಇರುತ್ತೆ, ಅದರಲ್ಲಿ ನಾಚಿಕೆ ಪಡೋದೇನಿಲ್ಲ. ಕಾರ್ಡು ತೆಗೆಯೋದು ಫೋನಿಗೆ ಬಿಟ್ಟರೂ ಅರ್ಥ ಹೇಳೋ ಹಕ್ಕನ್ನು ಅದಕ್ಕೆ ಬಿಟ್ಟುಕೊಡಬೇಡಿ. ಅದು ನಿಮ್ಮದು, ನಿಮ್ಮ ಜೊತೆ ಉಣ್ಣೋರದು, ನಿಮ್ಮ ಕಷ್ಟಕ್ಕೆ ಎದ್ದು ಬರೋರದು.

ನಿಮ್ಮ ಮನೆಯಲ್ಲಿ ಏನಾದರೂ ತೀರ್ಮಾನ ಮಾಡೋ ಮುಂಚೆ ಯಾರನ್ನು ಕೇಳುತ್ತೀರಿ? ಅಜ್ಜಿಯನ್ನಾ, ದೇವರ ಹೂವನ್ನಾ, ಫೋನನ್ನಾ? ಓದುಗರ ಅಂಕಣಕ್ಕೆ ಬರೆದು ತಿಳಿಸಿ.